ಮೈದುನನ ಅಂಗಡಿಯ ತುಪ್ಪ

ಕಾಲಿನ ಹುಣ್ಣು ಎಷ್ಟು ದಿನವಾದರೂ ಮಾಯದಿದ್ದಾಗ ತಾಂಬಾದ ಅಬಿದಾಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಮದುವೆ ಮನೆಗಳಲ್ಲಿ ಹಂಡೆಗಟ್ಟಲೆ ಅಡುಗೆ ಬೇಯಿಸುತ್ತಿದ್ದ ಗಟ್ಟಿ ಹೆಂಗಸು ಆಕೆ. ಗಂಡ ಜೈನುದ್ದೀನ ಅವಳನ್ನು ಹತ್ತಿರದ ಇಂಡಿ ಪಟ್ಟಣಕ್ಕೆ ಕರೆದೊಯ್ದ. ಡಾಕ್ಟರ್ ಪಾಂಡುರಂಗರಾಯರು ಹುಣ್ಣು ತೊಳೆದು ಪಟ್ಟಿ ಕಟ್ಟಿ ಪಥ್ಯ ಹೇಳಿದರು.

“ರೊಟ್ಟಿ, ಅನ್ನ, ಬೆಲ್ಲ ಮುಟ್ಟಬ್ಯಾಡ್ರಿ. ತತ್ತಿ, ಖಂಡ, ಪಲ್ಯೆ ತಿನ್ರಿ. ಹಸಿವು ತಡೀಲಿಕ್ಕೆ ಎಣ್ಣಿ, ತುಪ್ಪ ಹೆಚ್ಚಿಗಿ ಹಾಕ್ಕೋರಿ.”

“ಯಾವ ಎಣ್ಣಿರಿ ಸಾಹೇಬ್ರ?”

“ಹಸನಾಗಿರಬೇಕು, ನಿಮಗ ಒಗ್ಗಬೇಕು. ಅಷ್ಟ.”

ಜೈನುದ್ದೀನ ಮೊದಲು ಕುರಿಯ ಚರಬಿ ತಂದು ಕಾಸಿ ಕೊಟ್ಟ. ಎರಡನೇ ತುತ್ತಿಗೇ ಅದು ತುಟಿಯ ಮೇಲೆ ಮೇಣದಂತೆ ಹೆಪ್ಪುಗಟ್ಟಿತು. ಅಬಿದಾ ಸೆರಗಿನಿಂದ ಉಜ್ಜಿ ಉಜ್ಜಿ ತುಟಿ ಕೆಂಪು ಮಾಡಿಕೊಂಡಳು. ಪೇಟೆಯ ಶೇಂಗಾ ಎಣ್ಣೆಗೆ ಕಮಟು ವಾಸನೆ. ಅದರಲ್ಲಿ ಕರಿದ ತತ್ತಿಯನ್ನು ಹಿತ್ತಲಿಗೆ ಓಡಿ ಕಾರಿಕೊಂಡಳು. ಇದೇ ಎಣ್ಣೆ ವರ್ಷಗಟ್ಟಲೆ ಗಂಟಲಲ್ಲಿ ಇಳಿದಿತ್ತಲ್ಲ! ಆಗ ಜೋಳದ ರೊಟ್ಟಿ ಎಲ್ಲ ವಾಸನೆಯನ್ನೂ ಮುಚ್ಚುತ್ತಿತ್ತು.

ಕೊನೆಗೆ ಜೈನುದ್ದೀನ ತನ್ನ ತಮ್ಮ ಹಾಜಿಮಲಂಗನ ಕಿರಾಣಿ ಅಂಗಡಿಯಿಂದ ತುಪ್ಪದ ಡಬ್ಬಿ ತಂದ. ನಾಲತವಾಡದ ಎಮ್ಮೆ ತುಪ್ಪವೆಂದು ಅದಕ್ಕೆ ದೊಡ್ಡ ಹೆಸರು. ಅದನ್ನೇ ಕೊಳ್ಳಿರೆಂದು ಮದುವೆ ಮನೆಯವರಿಗೆಲ್ಲ ಹೇಳುತ್ತಿದ್ದವಳು ಅಬಿದಾಳೇ. ಬದನೆಕಾಯಿ ಪಲ್ಯಕ್ಕೆ ಧಾರಾಳವಾಗಿ ಹಾಕಿಕೊಂಡು ಬಾಯಿಗಿಟ್ಟರೆ ಅಂಗುಳಕ್ಕೆ ಏನೋ ಅಂಟಿತು. ನಾಲಗೆಯಿಂದ ಕೆರೆದರೂ ಬಿಡಲಿಲ್ಲ.

ಆಕೆ ನೆರೆಮನೆಯ ಶೆಟ್ಟೆವ್ವನಿಂದ ಮನೆಯಲ್ಲಿ ಕಾಸಿದ ತುಪ್ಪ ತಂದು, ಎರಡನ್ನೂ ಬೇರೆಬೇರೆ ಬಟ್ಟಲಲ್ಲಿ ಪಡಸಾಲೆಯಲ್ಲಿಟ್ಟಳು. ಉರಿಬಿಸಿಲ ಮಧ್ಯಾಹ್ನ. ಶೆಟ್ಟೆವ್ವನದು ಕರಗಿ ಹೊಳೆಯಿತು. ಮೈದುನನದು ಬಿಳಿ ಮುದ್ದೆಯಾಗಿಯೇ ಕೂತಿತ್ತು. ಬಟ್ಟಲು ಹಿಡಿದು ಕುಂಟುತ್ತಲೇ ಅಂಗಡಿಗೆ ಹೋದಳು.

“ಮಲಂಗ, ಇದು ತುಪ್ಪ ಏನು? ನೀನಽ ತಿಂದು ನೋಡು.”

ಹಾಜಿಮಲಂಗ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ತುಪ್ಪಕ್ಕ ಅಗ್ಗದ ವನಸ್ಪತಿ ಎಲ್ಲಾರೂ ಕೂಡಸ್ತಾರ ಭಾಬಿ. ಇಷ್ಟು ವರ್ಷ ಯಾರರೆ ಕೇಳ್ಯಾರೇನು? ನಿಮಗ ಇದನ್ನ ಕೊಡ್ತೇನಿ, ಒಯ್ರಿ.” ಹಲಗೆಯ ಕೆಳಗಿನಿಂದ ಗಡಿಗೆಯೊಂದನ್ನು ಎಳೆದ. ಹರಳುಹರಳಾದ, ಘಮಘಮಿಸುವ ತುಪ್ಪ.

“ಇದು ಯಾರಿಗಿಟ್ಟದ್ದು?”

“ನಮ್ಮ ಮನಿಗ್ರಿ.”

ಚರಬಿಗೂ ಕಮಟು ಎಣ್ಣೆಗೂ ಬರದಷ್ಟು ಓಕರಿಕೆ ಅಬಿದಾಳಿಗೆ ಆ ಮಾತಿಗೆ ಬಂತು. ಬಾಣಂತಿಯರಿಗೂ ಆ ಕಲಬೆರಕೆ ಡಬ್ಬಿಯದನ್ನೇ ತಾನು ಕಲಸಿ ಕೊಟ್ಟಿದ್ದು ನೆನಪಾಯಿತು. “ಥೂ, ನಿನ್ನ ಕೈಯಾಗಿನ ನೀರೂ ಒಲ್ಲೆ” ಎಂದು ಬಟ್ಟಲನ್ನು ಅಂಗಡಿ ಮುಂದಿನ ಧೂಳಿಗೆ ಬೋರಲು ಹಾಕಿದಳು.

“ನನ್ನ ತಮ್ಮ ಅದಾನ, ಸುಮ್ಮನಿರು” ಎಂದ ಜೈನುದ್ದೀನ, ಮನೆಯಲ್ಲಿ ವಿಷಯ ಕೇಳಿ. ಆಕೆ ಸುಮ್ಮನಿರಲಿಲ್ಲ. ಓಣಿಯಲ್ಲೆಲ್ಲ ಹೇಳಿದಳು. ಜನ ರೊಟ್ಟಿ ಮುರಿಯುತ್ತ, “ನಮಗೇನೂ ವಾಸನಿ ಬರಂಗಿಲ್ಲವಾ” ಎಂದು ನಕ್ಕರು. ಅಂಗಡಿ ಎಂದಿನಂತೆಯೇ ನಡೆಯಿತು.

ಅಬಿದಾ ಶೆಟ್ಟೆವ್ವನಿಂದ ಬೆಣ್ಣೆ ಕೊಂಡು ತಾನೇ ಕಾಸತೊಡಗಿದಳು. ಕುಸುಬಿ ಕಾಳನ್ನು ತಾನೇ ಹಸನು ಮಾಡಿ ಗಾಣಕ್ಕೆ ಒಯ್ದು, ಎದುರಿಗೆ ಕೂತು ಎಣ್ಣೆ ಹಿಂಡಿಸಿಕೊಂಡಳು. ಅದು ಹೊಟ್ಟೆಗೆ ಒಗ್ಗಿತು. ಹುಣ್ಣು ನಿಧಾನಕ್ಕೆ ಮಾಯಿತು. ಅಡುಗೆಗೆ ಕರೆದರೆ ಈಗಲೂ ಹೋಗುತ್ತಿದ್ದಳು. ಮೈದುನನ ಡಬ್ಬಿ ಕಂಡರೆ ಮಾತ್ರ ಒಲೆ ಹಚ್ಚದೆ ತಿರುಗಿ ಬರುತ್ತಿದ್ದಳು.