ಟವೆಲ್ಲಿನ ಹಿಂದೆ ಉಳಿದ ಹೆಸರುಗಳು

ವಿಜಯನಗರದಲ್ಲಿ ನಮ್ಮ ಬಡಾವಣೆಯ ಸಂಘಕ್ಕೆ ಒಂದು ಪುಟ್ಟ ವಾಚನಾಲಯವಿತ್ತು. ಮಧ್ಯಾಹ್ನ ಮೂರಕ್ಕೆ ಅದರ ಬಾಗಿಲು ತೆಗೆದು, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ, ಆರಕ್ಕೆ ಮುಚ್ಚಿಕೊಂಡು ಬರುವುದು ನನ್ನ ಕೆಲಸ. ೨೦೦೭ರ ಸುಮಾರಿಗೆ ಸಂಘದವರು ರಾಜ್ಯೋತ್ಸವಕ್ಕೆಂದು ಹವ್ಯಾಸಿಗಳ ಕಿರುಚಿತ್ರ ಸ್ಪರ್ಧೆ ಇಟ್ಟರು. ಆಗ ಕಾಲೇಜು ಹುಡುಗರ ಕೈಯಲ್ಲಿ ಸಣ್ಣ ಕ್ಯಾಮೆರಾಗಳು ಕಾಣಿಸಿಕೊಳ್ಳುತ್ತಿದ್ದ ಕಾಲ. ಬಹುಮಾನ ದೊಡ್ಡದೇನಲ್ಲ, ಒಂದು ಫಲಕ. ಆದರೆ ಮೊದಲ ಸ್ಥಾನ ಪಡೆದ ಚಿತ್ರವೊಂದನ್ನು ಮಾತ್ರ ಸಮುದಾಯ ಭವನದ ದೊಡ್ಡ ಪರದೆಯ ಮೇಲೆ ತೋರಿಸುತ್ತೇವೆ ಎಂದು ಪ್ರಕಟಿಸಿದ್ದರು.

ತೀರ್ಪುಗಾರರು ಮೂವರು. ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು, ಮದುವೆ ವೀಡಿಯೊ ತೆಗೆಯುವ ಸ್ಟುಡಿಯೋದವರು ಒಬ್ಬರು. ಮೂರನೆಯವಳಾಗಿ ನನ್ನನ್ನು ಕರೆದಾಗ ನನಗೇ ನಗು ಬಂತು.

“ನಂಗೇನ್ ಗೊತ್ತಾಗುತ್ತೆ ಸಾರ್ ಸಿನಿಮಾ ವಿಷಯ?” ಎಂದೆ ಕಾರ್ಯದರ್ಶಿಗಳಿಗೆ.

“ಅದಕ್ಕೇ ಅಮ್ಮ ನಿಮ್ಮನ್ನ ಕರೀತಿರೋದು. ನೀವು ಯಾರ ಕಡೆಯವರೂ ಅಲ್ಲ. ಆದ್ರೆ ಫಂಕ್ಷನ್ ದಿನದವರೆಗೂ ಯಾರ್ಗೂ ಹೇಳ್ಬೇಡಿ, ಮನೇಲೂ ಅಷ್ಟೇ” ಎಂದರು.

ನ್ಯಾಯದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಬಂದಿದ್ದ ಹನ್ನೊಂದು ಸಿ.ಡಿ.ಗಳನ್ನೂ ಮಗಳ ಮದುವೆಯಲ್ಲಿ ಮಿಕ್ಕಿದ ಲಗ್ನಪತ್ರಿಕೆಯ ಕವರುಗಳಿಗೆ ಹಾಕಿ, ಮೂಲೆಯಲ್ಲಿ ಅಚ್ಚಾಗಿದ್ದ ಗಣಪತಿಯ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ನಂಬರು ಬರೆದಿದ್ದರು. ಯಾರ ಚಿತ್ರ ಎನ್ನುವುದು ನಮಗೆ ತಿಳಿಯಬಾರದು. ಆದರೆ ಚಿತ್ರದ ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ? ಅದಕ್ಕೂ ಉಪಾಯ ಹುಡುಕಿದ್ದರು. ಎಲ್ಲವನ್ನೂ ತಾವು ಮೊದಲೇ ನೋಡಿ, ಹೆಸರು ಶುರುವಾಗುವ ಗಳಿಗೆಯನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದರು. ಅದು ಬಂದ ಕೂಡಲೇ ಎದ್ದು, ಹೆಗಲ ಮೇಲಿನ ಟವೆಲ್ಲನ್ನು ಟಿವಿಯ ಮೇಲೆ ಇಳಿಬಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರ ಮನೆಯ ಹಾಲಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತೆವು. ಒಂದೊಂದು ಚಿತ್ರಕ್ಕೂ ಐವತ್ತು ಅಂಕ. ನಾನು ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡು ಆಮೇಲೆ ಪೆನ್ನಿನಲ್ಲಿ ತಿದ್ದುತ್ತಿದ್ದೆ. ಮೂರನೆಯದು ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಲ್ಲುವ ಜನರ ಚಿತ್ರ. ಒಂದು ಚೂರೂ ಅಲುಗಾಡದೆ ತೆಗೆದಿದ್ದರು. ಸ್ಟುಡಿಯೋದವರು “ಸ್ಟ್ಯಾಂಡ್ ಹಾಕಿ ತೆಗ್ದಿದಾರೆ, ನೋಡಿ ಸಾರ್” ಎಂದು ಎರಡು ಸಲ ಹೇಳಿದರು. ನಾನು ಮೂವತ್ತಾರು ಕೊಟ್ಟೆ.

ಎಂಟನೆಯ ಕವರು ಬಿಚ್ಚಿದರು. ಪರದೆಯ ಮೇಲೆ ಮೊದಲು ಕಂಡದ್ದು ಜೋಳದ ಹಿಟ್ಟಿನ ಉಂಡೆ, ಅದರ ಮೇಲೆ ಹಸಿರು ಹಚ್ಚೆಯ ಒಂದು ಮುಂಗೈ. ನನ್ನ ಕೈಯಲ್ಲಿದ್ದ ಚಮಚ ಬಾಯಿಗೆ ಹೋಗಲಿಲ್ಲ. ಅದು ನಮ್ಮ ಮಹಡಿ ಮನೆಯ ಅಜ್ಜಿಯ ಕೈ.

ಗದಗದ ಕಡೆಯಿಂದ ಬಂದ ಮೂವರು ಹೆಂಗಸರು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದರು. ತಾಯಿ ಬಿನ್ನಿಪೇಟೆಯ ಹತ್ತಿರ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದರು, ಮಗಳು ರಾಜಾಜಿನಗರದಲ್ಲಿ ಡಿಗ್ರಿ ಓದುತ್ತಿದ್ದಳು, ಮನೆಯಲ್ಲಿ ಅಜ್ಜಿ. ಹುಡುಗಿ ಚಿತ್ರ ತೆಗೆದದ್ದೇ ನನಗೆ ತಿಳಿದಿರಲಿಲ್ಲ. ಫಾರಂನಲ್ಲಿ ಕಾಲೇಜಿನ ವಿಳಾಸ ಕೊಟ್ಟಿದ್ದಳಂತೆ, ಹಾಗಾಗಿ ಕಾರ್ಯದರ್ಶಿಗಳಿಗೂ ತಿಳಿಯಲಿಲ್ಲ. ಈಗ ನಾನು ಬಾಯಿ ಬಿಟ್ಟರೆ ಚಿತ್ರ ಯಾರದೆಂದು ಉಳಿದವರಿಗೂ ಗೊತ್ತಾಗಿಬಿಡುತ್ತದೆ. ಅಷ್ಟು ಜೋಪಾನವಾಗಿ ಅಂಟಿಸಿದ ಕವರನ್ನು ನಾನೇ ಹರಿದಂತೆ. ಸುಮ್ಮನೆ ಕೂತೆ.

ಪರದೆಯ ಮೇಲೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಪಟ, ಪಟ, ಪಟ. ಕೆಳಗಿನಿಂದ ಯಾರೋ ಕುಟ್ಟಿದ ಸದ್ದು, ಮೂರು ಸಲ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು.

ಹಾಗೆ ಕುಟ್ಟುತ್ತಿದ್ದವಳು ನಾನು. ನಮ್ಮ ಯಜಮಾನರು ಕಾರ್ಖಾನೆಯ ಮೂರನೇ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಅವರು ಮಗ್ಗುಲು ಬದಲಿಸಿದಾಗಲೆಲ್ಲ ನಾನು ಜೇಡರ ಬಲೆ ತೆಗೆಯುವ ಕೋಲಿನಿಂದ ತಾರಸಿಗೆ ಮೂರು ಸಲ ಕುಟ್ಟುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೇಲೆ ಸದ್ದು ಕಡಿಮೆಯಾಗುತ್ತಿತ್ತು. ಹೇಗೆ ಕಡಿಮೆಯಾಗುತ್ತಿತ್ತು ಎಂದು ಯೋಚಿಸಿರಲಿಲ್ಲ. ಚಿತ್ರದಲ್ಲಿ ನೋಡಿದೆ. ಅಜ್ಜಿ ಎದ್ದು, ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ರೊಟ್ಟಿ ಬಡಿಯುವ ಹಲಗೆಯ ಅಡಿಗೆ ಹಾಕಿದರು. ಆಮೇಲೆ ಮಗುವನ್ನು ತಟ್ಟಿದಂತೆ ರೊಟ್ಟಿ ತಟ್ಟಿದರು.

ಊಟ ಮುಗಿಸಿ ಅಜ್ಜಿ ನೆಲದ ಮೇಲೆ ಅಡ್ಡಾದರು. ಆಗ ಕೆಳಗಿನಿಂದ ಗ್ರೈಂಡರಿನ ಸದ್ದು. ಗುರ್ ಎಂದು ತಿರುಗುತ್ತಾ ಸುತ್ತಿಗೊಮ್ಮೆ ‘ಟಕ್’ ಎನ್ನುವ ಆ ಸದ್ದು ನಮ್ಮ ಗ್ರೈಂಡರಿನದೇ. ಯಜಮಾನರು ಎದ್ದ ಮೇಲೆ, ಎರಡು ಗಂಟೆಗೆ, ದಿನ ಬಿಟ್ಟು ದಿನ ನಾನು ದೋಸೆಗೆ ರುಬ್ಬುತ್ತಿದ್ದೆ. ಅಜ್ಜಿ ಎದ್ದು ಕೂತು, ಸೌಟು ತೆಗೆದುಕೊಂಡು, ನೆಲಕ್ಕೆ ಕುಟ್ಟಲು ಎತ್ತಿದರು. ಒಂದು ಕ್ಷಣ ಹಾಗೇ ಹಿಡಿದಿದ್ದು ಕೆಳಗಿಟ್ಟರು. ಹಲಗೆಯ ಅಡಿಯಿಂದ ಅದೇ ಬಟ್ಟೆಯನ್ನು ಎಳೆದು, ಹಿಟ್ಟು ಕೊಡವಿ, ಕಿವಿಯ ಮೇಲೆ ಹೊದ್ದು ಮಲಗಿದರು. ಟವೆಲ್ ಬಿತ್ತು.

ಪೆನ್ಸಿಲಿನಲ್ಲಿ ಮೂವತ್ತೆಂಟು ಎಂದು ಬರೆದೆ. ನಾಳೆ ಯಾರಾದರೂ ‘ತಮ್ಮ ಬಾಡಿಗೆಯವರಿಗೆ ಜಾಸ್ತಿ ಅಂಕ ಹಾಕಿದರು’ ಎಂದರೆ? ರಬ್ಬರು ತೆಗೆದು ಅಳಿಸಿ, ಪೆನ್ನಿನಲ್ಲಿ ಮೂವತ್ತಮೂರು ಬರೆದೆ. ಆ ಗಳಿಗೆಗೆ ನಾನು ಬಹಳ ನಿಷ್ಪಕ್ಷಪಾತಿ ಎಂದೇ ಅನಿಸಿತು.

ಮೂವರದನ್ನೂ ಕೂಡಿಸಿದಾಗ ಮೂರನೆಯ ಚಿತ್ರಕ್ಕೆ ನೂರಹದಿನಾಲ್ಕು, ಎಂಟನೆಯದಕ್ಕೆ ನೂರಹನ್ನೆರಡು. ಕಾರ್ಯದರ್ಶಿಗಳು ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನನಗೆ ಒಂದು ಅಭ್ಯಾಸವಿದೆ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಸಂಗತಿ ಗುರುತು ಹಾಕುತ್ತೇನೆ. ನೀರು ಬಂದದ್ದು, ಸಿಲಿಂಡರ್ ಬದಲಿಸಿದ್ದು, ಯಾರಿಗೆ ಜ್ವರ. ಆ ಸಂಜೆ ‘ನೀರು ಬಂತು’ ಎಂದು ಬರೆದು, ಅದರ ಕೆಳಗೆ ‘ಎಂಟಕ್ಕೆ ೩೮’ ಎಂದೂ ಬರೆದೆ. ಯಾಕೆ ಬರೆದೆನೋ ಗೊತ್ತಿಲ್ಲ.

ಮಾರನೆಯ ದಿನ ಬಟ್ಟೆ ಒಣಹಾಕಲು ಮೇಲೆ ಹೋದಾಗ, ಅಜ್ಜಿ ಒಂದು ಇಳಕಲ್ ಸೀರೆಯನ್ನು ಬಿಸಿಲಿಗೆ ಹರವುತ್ತಿದ್ದರು.

“ಎಲ್ಲಿಗೆ ಅಜ್ಜಿ, ಮದುವೇಗಾ?”

“ಮದುವಿಗೆ ಯಾಕ್ರೀ ಅಕ್ಕಾರ. ಮೊಮ್ಮಗಳು ನಂದೊಂದು ಪಿಕ್ಚರ್ ತಗದಾಳ. ಮೊದಲ ನಂಬರ್ ಬಂದ್ರ ದೊಡ್ಡ ಪರದೆ ಮ್ಯಾಲ ತೋರಸ್ತಾರಂತ.” ಸೀರೆಯ ಸುಕ್ಕು ನೀವುತ್ತಾ ಹೇಳಿದರು, “ಕ್ಯಾಮೆರಾದೊಳಗ ತೋರಿಸಿದ್ಲು. ಇಷ್ಟ ಇಷ್ಟ, ಇರುವಿ ಹಂಗ. ನನ್ನ ಕಣ್ಣಿಗೆ ಏನೂ ಹತ್ತಲಿಲ್ಲ. ಎಪ್ಪತ್ತು ವರ್ಷ ರೊಟ್ಟಿ ಬಡದೀನಿ ನೋಡ್ರಿ, ಬಡಿಯೋವಾಗ ನಾ ಹೆಂಗ ಕಾಣ್ತೀನಿ ನನಗ ಗೊತ್ತಿಲ್ಲ. ಕನ್ನಡಿ ಮುಂದ ಕುಂತು ಯಾರರ ರೊಟ್ಟಿ ಬಡೀತಾರೇನು?”

ನಾನು ನಕ್ಕೆ. ಕೈಯಲ್ಲಿದ್ದ ಬಟ್ಟೆಗಳನ್ನು ಒಣಹಾಕದೆ ಬಕೆಟ್ಟಿನ ಸಮೇತ ಇಳಿದು ಬಂದೆ.

ಎರಡು ದಿನ ಒದ್ದಾಡಿದೆ. ಆ ಐದು ಅಂಕ ಯಾಕೆ ಕಡಿಮೆ ಮಾಡಿದೆ ಎಂದು ಕೇಳಿಕೊಂಡೆ. ಜನ ಏನೆಂದಾರು ಎಂಬ ಭಯ ಹೌದು. ಆದರೆ ಅದರ ಕೆಳಗೆ ಆ ಕೋಲಿನ ಮುಜುಗರವೂ ಇತ್ತು. ಆ ಚಿತ್ರ ಊರಿಗೆಲ್ಲ ಕಾಣಬಾರದು ಎಂದು ನನ್ನೊಳಗೇ ಯಾರೋ ಅಂದಿದ್ದರು. ಬುಧವಾರ ಕ್ಯಾಲೆಂಡರಿನ ಹಾಳೆಯನ್ನು ಹರಿದು, ಸುತ್ತಿ, ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ಉಳಿದಿಬ್ಬರನ್ನೂ ಕರೆಸಿದರು. ಎಲ್ಲವನ್ನೂ ಹೇಳಿದೆ, ಕೋಲನ್ನೂ ಬಿಡಲಿಲ್ಲ.

ಸ್ಟುಡಿಯೋದವರಿಗೆ ಸಿಟ್ಟು ಬಂತು. “ಏನ್ ಮೇಡಂ ನೀವು! ಒಂದ್ಸಲ ಪೆನ್ನಲ್ಲಿ ಬರೆದ್ಮೇಲೆ ಮುಗೀತು. ಹಿಂಗೆ ಒಬ್ಬೊಬ್ರೂ ಕ್ಯಾಲೆಂಡರ್ ತಂದ್ರೆ?”

“ಅವರು ಅಂಕ ಜಾಸ್ತಿ ಮಾಡಿ ಅಂತ ಕೇಳ್ತಿಲ್ಲವಲ್ಲ” ಎಂದರು ಮೇಷ್ಟ್ರು.

“ಇಲ್ಲ ಸಾರ್. ನನ್ನದನ್ನ ಪೂರ್ತಿ ತೆಗೆದ್ಬಿಡಿ. ಆ ಚಿತ್ರದ್ದು ಮಾತ್ರ ಅಲ್ಲ, ಹನ್ನೊಂದರದ್ದೂ” ಎಂದೆ.

ಮೇಷ್ಟ್ರು ನನ್ನ ಕಡೆ ತಿರುಗಿದರು. “ಮೊದಲೇ ಎದ್ದು ಹೋಗ್ಬೇಕಿತ್ತು ನೀವು. ಈಗಲಾದ್ರೂ ಬಂದ್ರಲ್ಲ. ತೆಗೀರಿ, ಇಬ್ಬರದ್ದೇ ಕೂಡಿಸಿ. ಆದ್ರೆ ಇದನ್ನ ಭವನದಲ್ಲಿ ಎಲ್ಲರ ಮುಂದೆ ಹೇಳಬೇಕು.”

ಕೂಡಿಸಿದರು. ಮೂರನೆಯದಕ್ಕೆ ಎಪ್ಪತ್ತೆಂಟು, ಎಂಟನೆಯದಕ್ಕೆ ಎಪ್ಪತ್ತೊಂಬತ್ತು. ಸ್ಟುಡಿಯೋದವರು ತಾವೇ ಇನ್ನೊಮ್ಮೆ ಕೂಡಿಸಿದರು. ಆಮೇಲೆ ನನ್ನ ಕಡೆ ನೋಡಿ, “ಆಯ್ತು ಬಿಡಿ. ಆ ಕೈ ನಿಂತ್ಕೊಳ್ಳುತ್ತಲ್ಲ ಗಾಳೀಲಿ, ಅದಕ್ಕೇ ನಾನು ನಲವತ್ತು ಕೊಟ್ಟಿದ್ದು” ಎಂದರು.

ಸಮಾರಂಭದ ಸಂಜೆ ಅಜ್ಜಿ ಇಳಕಲ್ ಸೀರೆಯುಟ್ಟು ನನ್ನ ಪಕ್ಕದಲ್ಲೇ ಕೂತರು, ಅವರ ಆಚೆಗೆ ಮೊಮ್ಮಗಳು. ಮೇಷ್ಟ್ರು ವೇದಿಕೆಯಿಂದ, ತೀರ್ಪುಗಾರರಲ್ಲಿ ಒಬ್ಬರು ಒಂದು ಚಿತ್ರದವರ ಪರಿಚಯವಿರುವ ಕಾರಣ ತಮ್ಮ ಅಂಕಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದಾರೆ, ಉಳಿದ ಇಬ್ಬರ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದು ಎಂದು ಹೇಳಿ ಫಲಿತಾಂಶ ಓದಿದರು. ಸಿಗ್ನಲ್ಲಿನ ಚಿತ್ರದ ಇಬ್ಬರು ಹುಡುಗರು ಹೋಗಿ ನೋಡಿ ಬಂದರು. “ಒಂದೇ ಮಾರ್ಕು ಮಗಾ, ಛೇ!” ಎಂದ ಒಬ್ಬ. “ಬಿಡು ಗುರು, ಪಿಕ್ಚರ್ ನೋಡೋಣ” ಎಂದ ಇನ್ನೊಬ್ಬ.

ಹುಡುಗಿ ಅಜ್ಜಿಯ ಬೆನ್ನ ಹಿಂದಿನಿಂದ ನನ್ನತ್ತ ಬಾಗಿದಳು. “ಆಂಟಿ, ಮಾರ್ಕ್ಸ್ ವಾಪಸ್ ತಗೊಂಡಿದ್ದು ನೀವಾ?”

“ಹೂಂ ಕಣೇ. ಐದು ಮಾರ್ಕು ಕಮ್ಮಿ ಹಾಕಿದ್ದೆ ನಿಂಗೆ.”

“ಯಾಕೆ? ಕೋಲಿನ ಸದ್ದು ಕೇಳಿ ಕೋಪ ಬಂತಾ?”

“ನಮ್ಮ ಮನೆಯವಳಲ್ವಾ ಅಂತ. ಕೋಲೂ ಇತ್ತು ಅನ್ನು.”

ಅಷ್ಟರಲ್ಲಿ ದೀಪ ಆರಿತು. ಪರದೆಯ ತುಂಬ ಹಚ್ಚೆಯ ಮುಂಗೈ ಎದ್ದಿತು. ಅಜ್ಜಿ ತಮ್ಮ ಕೈಯನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿಕೊಂಡರು. ಕುಟ್ಟುವ ಸದ್ದು ಬಂದಾಗ ಭವನಕ್ಕೆಲ್ಲ ಕೇಳುವಂತೆ, “ಅದು ಈ ಅಕ್ಕಾರ ಕೋಲು!” ಎಂದುಬಿಟ್ಟರು. ಜನ ಗೊಳ್ಳೆಂದು ನಕ್ಕರು. ನಾನು ತಲೆ ತಗ್ಗಿಸಿದೆ. ಅಜ್ಜಿ ನನ್ನ ತೊಡೆಯ ಮೇಲೆ ಕೈಯಿಟ್ಟು, “ತಲಿ ಎತ್ರೀ. ನಾ ಛಲೋ ಬಡಿಯಾಕತ್ತೀನಿ, ನೋಡ್ರಿ” ಎಂದರು.

ಅಜ್ಜಿ ಬಟ್ಟೆ ಹೊದ್ದು ಮಲಗಿದಲ್ಲಿಗೆ ಚಿತ್ರ ಮುಗಿಯಿತು. ಮುಂದಿನ ಸಾಲಿನಲ್ಲಿದ್ದ ಕಾರ್ಯದರ್ಶಿಗಳ ಕೈ ಅಭ್ಯಾಸಬಲದಿಂದ ಹೆಗಲ ಟವೆಲ್ಲಿಗೆ ಹೋಗಿ ನಿಂತಿತು. ಈ ಸಲ ಹೆಸರುಗಳು ಕಂಡವು. ಮೊದಲು ಹುಡುಗಿಯದು, ಆಮೇಲೆ ಅಜ್ಜಿಯದು, ಕ್ಯಾಮೆರಾ ಕೊಟ್ಟ ಗೆಳತಿಯದು. ಎಲ್ಲಕ್ಕಿಂತ ಕೊನೆಗೆ, ಸಣ್ಣ ಅಕ್ಷರದಲ್ಲಿ, ‘ಗ್ರೈಂಡರ್ ಸದ್ದು: ಕೆಳಮನೆಯ ಆಂಟಿ. ವಂದನೆಗಳು.’

ಹುಡುಗಿ ನನ್ನ ಕಡೆ ನೋಡದೆ ನಗುತ್ತಿದ್ದಳು. ಅಜ್ಜಿಗೆ ಓದು ಬಾರದು. “ಏನ್ ಬರದದ ಅಲ್ಲಿ?” ಎಂದು ನನ್ನನ್ನೇ ಕೇಳಿದರು. ಒಂದೊಂದೇ ಹೆಸರು ಓದಿ ಹೇಳಿದೆ.