ಹಡಗಿನವನ ಎರಡನೇ ಡೋಸ್

೨೦೨೧ರಲ್ಲಿ ನಾನು ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಸರ್ವೀಸಿನುದ್ದಕ್ಕೂ ಸೂಜಿ ಹಿಡಿದು ಊರೂರು ಸುತ್ತಿದವಳು ನಾನು. ಪೋಲಿಯೊ ಹನಿ ಹಾಕಲು ಹೋದರೆ ಕದ ಹಾಕಿಕೊಂಡವರು, ಮಗುವನ್ನು ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟವರು, ಎಲ್ಲರನ್ನೂ ಕಂಡಿದ್ದೆ. ಲಸಿಕೆ ಬೇಡ ಎನ್ನುವವರಿಗೆ ಭಯ, ಬೇಕು ಎನ್ನುವವರಿಗೆ ತಿಳಿವಳಿಕೆ ಎಂಬುದು ನನ್ನ ಲೆಕ್ಕವಾಗಿತ್ತು. ಆ ವರ್ಷ ಒಂದೇ ಮನೆಯ ಮೂವರು ಸೇರಿ ಈ ಲೆಕ್ಕವನ್ನು ತಲೆಕೆಳಗು ಮಾಡಿದರು. ಅದು ಇವತ್ತಿಗೂ ನೆಟ್ಟಗಾಗಿಲ್ಲ.

ಕೊರೋನಾ ಲಸಿಕೆ ಆಗಷ್ಟೇ ಬಂದಿತ್ತು, ನಮಗೇ ಎಲ್ಲವೂ ಗೊಂದಲ. ಎರಡು ಡೋಸ್‌ಗಳ ನಡುವೆ ನಾಲ್ಕು ವಾರ ಸಾಕು ಎಂದು ಊರಲ್ಲೆಲ್ಲ ಹೇಳಿ ಬಂದೆವು. ಆಮೇಲೆ ಆರು ವಾರ ಎಂದರು, ಆಮೇಲೆ ಹನ್ನೆರಡು ಎಂದರು. ಹೇಳಿದ ಮಾತನ್ನು ತಿರುಗಿಸಿ ಹೇಳುವಾಗ ಜನ ನನ್ನ ಮುಖ ನೋಡುವ ರೀತಿಗೇ ನಾಚಿಕೆಯಾಗುತ್ತಿತ್ತು. "ಏನ್ ನರ್ಸಮ್ಮಾ, ಸಿನಿಮಾ ರಿಲೀಸ್ ಆದಂಗೆ ಡೇಟು ಮುಂದಕ್ಕೇ ಹಾಕ್ತಾ ಇದ್ದೀರಾ?" ಎಂದು ಅರಳಿಕಟ್ಟೆಯಲ್ಲಿ ಗೇಲಿ ಮಾಡುತ್ತಿದ್ದರು.

ಅಂಥ ಕಾಲದಲ್ಲಿ ನನಗೆ ದೇವರು ಕೊಟ್ಟಂತೆ ಸಿಕ್ಕವಳು ಮುನಿಯಮ್ಮ. ಐವತ್ತು ದಾಟಿದ ಹೆಂಗಸು, ರೇಷ್ಮೆ ಸಾಕುವವಳು. ತನ್ನ ಊರಿನಲ್ಲಿ ಮೊದಲು ಬಂದು ಕುರ್ಚಿಯಲ್ಲಿ ಕೂತು ತೋಳು ಕೊಟ್ಟವಳು ಅವಳೇ. ಹಿಂಜರಿಯುತ್ತಿದ್ದವರನ್ನು ಅವಳೇ ಬೈದು ಕರೆತಂದಳು. "ಹುಳಕ್ಕೆ ರೋಗ ಬರೋಕ್ ಮುಂಚೆ ಸುಣ್ಣದ ಪುಡಿ ಹೊಡೀತೀಯಲ್ಲ, ಬಂದ್ಮೇಲೆ ಹೊಡೀತೀಯೇನೇ? ಬಾರೇ ಕೂತ್ಕೋ," ಎನ್ನುತ್ತಿದ್ದಳು. ನಾನು ಅರ್ಧ ಗಂಟೆ ಭಾಷಣ ಮಾಡಿದರೂ ಆಗದ ಕೆಲಸ ಅವಳ ಒಂದು ಬೈಗುಳಕ್ಕೆ ಆಗುತ್ತಿತ್ತು. ಮಗ ನಾಗೇಶನನ್ನೂ ಅವಳೇ ಕೈಹಿಡಿದು ಕರೆತಂದು ಮೊದಲ ಡೋಸ್ ಹಾಕಿಸಿದಳು. ಸೊಸೆ ಪವಿತ್ರ ಮಾತ್ರ ಬರಲಿಲ್ಲ. ಮುಳಬಾಗಿಲು ಕಡೆಯ ಹುಡುಗಿ, ಮದುವೆಯಾಗಿ ಮೂರು ವರ್ಷ, ಮಕ್ಕಳಿರಲಿಲ್ಲ. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದು ತವರಿನಲ್ಲಿ ಯಾರೋ ಹೇಳಿದ್ದರು. ಹಾಗೇನೂ ಇಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡನಿಗೂ ಬೇಡ ಎಂದು ಬಾಗಿಲಲ್ಲಿ ನಿಂತು ಅತ್ತಿದ್ದಳಂತೆ.

ನಾಗೇಶನ ಕೆಲಸವನ್ನು ಇಲ್ಲಿ ಹೇಳಬೇಕು. ಅವನು ಕ್ರೂಸ್ ಹಡಗಿನ ಅಡುಗೆಯವನು. ಕ್ರೂಸ್ ಎಂದರೆ ಪ್ರವಾಸಿಗಳಿಗೆಂದೇ ಮಾಡಿದ, ನೀರಿನ ಮೇಲೆ ಓಡಾಡುವ ದೊಡ್ಡ ಹೋಟೆಲು. ೨೦೨೦ರಲ್ಲಿ ಕಾಯಿಲೆ ಹಬ್ಬಿದಾಗ ಆ ಹಡಗನ್ನು ಯಾವ ಬಂದರಿನವರೂ ಹತ್ತಿರ ಸೇರಿಸಲಿಲ್ಲ. ಪ್ರವಾಸಿಗಳು ಹೇಗೋ ಇಳಿದು ಹೋದರು, ಕೆಲಸಗಾರರು ವಾರಗಟ್ಟಲೆ ಸಮುದ್ರದಲ್ಲೇ ಉಳಿದರು. ಇವನಿದ್ದ ಕೋಣೆ ಹಡಗಿನ ತಳದಲ್ಲಿತ್ತು, ಕಿಟಕಿಯಿರಲಿಲ್ಲ. ಊಟವನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದವನನ್ನು ಒಂದು ದಿನ ಎತ್ತಿಕೊಂಡು ಹೋದರು, ಅವನೇನಾದ ಎಂಬುದು ನಾಗೇಶನಿಗೆ ಕೊನೆಗೂ ತಿಳಿಯಲಿಲ್ಲ. ಹಾಗೂ ಹೀಗೂ ಊರು ಸೇರಿದವನು ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಇದ್ದುಬಿಟ್ಟಿದ್ದ.

೨೦೨೧ರ ಮಾವಿನ ಕಾಲದಲ್ಲಿ ಹಡಗಿನವರು ಅವನನ್ನು ವಾಪಸು ಕರೆದರು. ಷರತ್ತು ಒಂದೇ. ಎರಡೂ ಡೋಸ್ ಆಗಿ ಎರಡು ವಾರ ಕಳೆದಿರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಹನ್ನೆರಡು ವಾರ ಕಾಯುತ್ತಾ ಕೂತರೆ ಕೆಲಸ ಹೋದಂತೆಯೇ. ಅದೃಷ್ಟಕ್ಕೆ ಅದೇ ಹೊತ್ತಿಗೆ ಇನ್ನೊಂದು ಆದೇಶ ಬಂದಿತ್ತು: ಓದಿಗೆ ಅಥವಾ ಕೆಲಸಕ್ಕೆ ಪರದೇಶಕ್ಕೆ ಹೋಗುವವರು ದಾಖಲೆ ತೋರಿಸಿದರೆ ನಾಲ್ಕು ವಾರ ಕಳೆದ ಮೇಲೆ ಎರಡನೇ ಡೋಸ್ ಕೊಡಬಹುದು. ನಾಗೇಶ ಕೋಲಾರಕ್ಕೆ ಓಡಾಡಿ ಒಪ್ಪಿಗೆ ತಂದ. ನಮ್ಮ ಕೇಂದ್ರದಲ್ಲೇ ಹಾಕುವುದೆಂದಾಯಿತು. ಮೊದಲ ಸಲ ಅಮ್ಮನೇ ಕರೆತಂದಿದ್ದಾಳೆ, ಊರಿಗೆ ಬಂದವಳು ನೀರಿಗೆ ಬರುವುದಿಲ್ಲವೇ ಎಂದು ನಾನು ನಿಶ್ಚಿಂತೆಯಾಗಿದ್ದೆ.

ಹೇಳಿದ ದಿನ ಅವನು ಬರಲಿಲ್ಲ. ಬದಲಿಗೆ ಮುನಿಯಮ್ಮನ ಸಮಾಚಾರ ಬಂತು. "ಹುಳ ಹಣ್ಣಾಗೋ ಹೊತ್ತು. ಸೂಜಿ ಹಾಕಿಸ್ಕೊಂಡು ಜ್ವರ ಬಂದು ಮಲಗಿದ್ರೆ ಚಂದ್ರಿಕೆಗೆ ಬಿಡೋರು ಯಾರು?" ನಮ್ಮ ಕಡೆ ಇದು ಸುಳ್ಳು ನೆಪವಲ್ಲ. ರೇಷ್ಮೆಹುಳ ಹಣ್ಣಾಯಿತೆಂದರೆ, ಅಂದರೆ ಗೂಡು ಕಟ್ಟಲು ಸಿದ್ಧವಾಯಿತೆಂದರೆ, ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಮನೆಯ ಎಲ್ಲರ ಕೈಯೂ ಬೇಕು, ಹುಳ ಯಾರಿಗೂ ಕಾಯುವುದಿಲ್ಲ. ನಾನೇ ಎಷ್ಟೋ ಊರುಗಳಲ್ಲಿ ಬೆಳೆ ನೋಡಿಕೊಂಡು ಕ್ಯಾಂಪಿನ ದಿನ ಗೊತ್ತು ಮಾಡುತ್ತಿದ್ದೆ. ಹಾಗಾಗಿ ನಂಬಿದೆ.

ಎರಡು ದಿನ ಬಿಟ್ಟು ಆ ಬೀದಿಗೆ ಹೋದಾಗ ಅವರ ಮನೆಗೂ ಹೊಕ್ಕೆ. ಕೈಕಾಲು ತೊಳೆದುಕೊಂಡು ಹುಳದ ಮನೆಯ ಒಳಗೆ ಕಾಲಿಟ್ಟು ನೋಡಿದರೆ ಹುಳಗಳು ಇನ್ನೂ ಕಿರುಬೆರಳ ಉಗುರಿನಷ್ಟಿವೆ! ಹಣ್ಣಾಗಲು ಇನ್ನೂ ಎರಡು ವಾರವಾದರೂ ಬೇಕು. ಇಡೀ ಊರಿಗೆ ಲಸಿಕೆಯ ಬುದ್ಧಿ ಹೇಳಿದ ಹೆಂಗಸು ನನಗೆ ಸುಳ್ಳು ಹೇಳಿದ್ದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು.

"ಏನ್ ಮುನಿಯಮ್ಮಾ, ಇದೇನಾ ಹಣ್ಣಾಗಿರೋ ಹುಳ?" ಎಂದೆ.

ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಏಂ ಚೇಸೇದಮ್ಮಾ," ಎಂದಳು. ಏನು ಮಾಡುವುದಮ್ಮಾ ಎಂದು. ಮನಸ್ಸು ಕೆಟ್ಟಾಗ ಅವಳಿಗೆ ತೆಲುಗು ಬರುತ್ತಿತ್ತು. ಆಮೇಲೆ ಕನ್ನಡದಲ್ಲಿ ಹೇಳಿದಳು: "ಮೊದಲ್ನೇದು ರೋಗಕ್ಕೆ ಅಂತ ಹಾಕಿಸ್ದೆ. ಎರಡನೇದು ಹಡಗಿನ ಟಿಕೀಟಂತೆ. ನೋಡು, ಹುಳಕ್ಕೂ ನಾಲ್ಕು ದಿಕ್ಕಿಗೆ ಕಿಟಕಿ ಇಕ್ಕಿದ್ದೀನಿ. ನನ್ನ ಮಗನ್ನ ಕಿಟಕಿ ಇಲ್ಲದ ಗೂಡಲ್ಲಿ ಇಟ್ಟಿದ್ರು. ಮತ್ತೆ ಅಲ್ಲಿಗೆ ನಾನೇ ಕಳಿಸ್ಲಾ?"

ನಾಗೇಶ ಅಲ್ಲೇ ಇದ್ದ. "ಈಗ ಹಂಗಿಲ್ಲಮ್ಮ. ಹಡಗಲ್ಲಿ ಎಲ್ರಿಗೂ ಎರಡೂ ಆಗಿರುತ್ತೆ. ನಮ್ಮೂರಿಗಿಂತ ಅದೇ ಸೇಫು," ಎಂದ.

"ಎರಡು ಹಾಕಿಸ್ಕೊಂಡೋರಿಗೂ ಬರಬಹುದು ಅಂತ ನರ್ಸಮ್ಮನೇ ಹೇಳವ್ಳೆ. ಕೇಳು ಬೇಕಾದ್ರೆ."

ಇಬ್ಬರೂ ನನ್ನತ್ತ ತಿರುಗಿದರು. ನಾನು ಇಬ್ಬರ ಮಾತೂ ನಿಜ ಎಂದೆ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಬೀಳ್ಕೊಡಲು ಬಾಗಿಲ ತನಕ ಬಂದ ಮುನಿಯಮ್ಮ ದನಿ ತಗ್ಗಿಸಿ, "ಅವನು ಬಂದ್ರೆ ಸ್ಟಾಕ್ ಇಲ್ಲ ಅಂದ್ಬಿಡಮ್ಮ. ನಿಂಗೆ ಪುಣ್ಯ ಬರುತ್ತೆ," ಎಂದಳು. ಅಂಥ ಪುಣ್ಯ ನನಗೆ ಬೇಡ, ಇದ್ದದ್ದನ್ನು ಇಲ್ಲ ಎನ್ನಲಾರೆ ಎಂದು ಖಡಾಖಂಡಿತವಾಗಿ ಹೇಳಿಯೇ ಬಂದೆ.

ಮರುದಿನ ಬೆಳಿಗ್ಗೆ ಪವಿತ್ರ ಗಂಡನನ್ನು ಎಳೆದುಕೊಂಡು ಕೇಂದ್ರಕ್ಕೆ ಬಂದಳು. ಲಸಿಕೆ ಬೇಡವೆಂದು ಬಾಗಿಲಲ್ಲಿ ಅತ್ತಿದ್ದ ಅದೇ ಪವಿತ್ರ! "ನಂಗೆ ಬೇಡ. ಇವರಿಗೆ ಇವತ್ತೇ ಹಾಕಿ," ಎಂದಳು. "ಸೊಪ್ಪು ಕೊಯ್ಕೊಂಡಿರೋಕಾ ಇವರು ಹಡಗಿನ ಅಡುಗೆ ಕಲ್ತಿದ್ದು? ಅಲ್ಲಿ ನಾಲ್ಕು ಜನ ಇವರ ಕೈರುಚಿ ಕೇಳ್ತಿದ್ರು. ಇಲ್ಲಿ ಅತ್ತೆ ಸಾರಿಗೆ ಉಪ್ಪು ಹಾಕೋಕೂ ಬಿಡಲ್ಲ."

ಎಂಥ ಗ್ರಹಚಾರ ನೋಡಿ. ಅವತ್ತು ನಿಜವಾಗಿಯೂ ಸ್ಟಾಕ್ ಇರಲಿಲ್ಲ. ಹಿಂದಿನ ದಿನ ಸಂಜೆಗೆ ಮುಗಿದು ಹೋಗಿತ್ತು, ಜಿಲ್ಲಾ ದಾಸ್ತಾನಿನಿಂದ ಬರಬೇಕಾದದ್ದು ಬಂದಿರಲಿಲ್ಲ. ಇಲ್ಲ ಎಂದು ನನ್ನ ಬಾಯಿಂದ ಹೊರಟಿದ್ದೇ ತಡ, ಪವಿತ್ರಳ ಮುಖ ಕೆಂಪಾಯಿತು. "ಅತ್ತೆ ಹೇಳಿಕೊಟ್ಟಿದ್ದಾ? ನಿನ್ನೆ ಬಾಗ್ಲಲ್ಲಿ ಗುಸುಗುಸು ಅಂದಿದ್ದು ಕೇಳಿಸ್ಕೊಂಡಿದ್ದೀನಿ ಮೇಡಂ, ನಾನು ಕಿವುಡಿ ಅಲ್ಲ." ನಾನು ಅವಳ ಕೈಹಿಡಿದು ಒಳಗೆ ಕರೆದೊಯ್ದು ಐಎಲ್ಆರ್ ಮುಚ್ಚಳ ಎತ್ತಿ ತೋರಿಸಿದೆ. ಐಎಲ್ಆರ್ ಎಂದರೆ ಲಸಿಕೆ ಇಡುವ ಫ್ರಿಜ್ಜು. ಒಳಗೆ ಮಕ್ಕಳ ಲಸಿಕೆಗಳಿದ್ದವು, ಅವನಿಗೆ ಬೇಕಾದ ಲಸಿಕೆ ಮಾತ್ರ ಇರಲಿಲ್ಲ. ಅವಳು ಬಗ್ಗಿ ನೋಡಿ, "ಬೇರೆ ಕಡೆ ಎತ್ತಿಟ್ಟಿರ್ತೀರಾ," ಎಂದು ಹೊರಟುಹೋದಳು. ನಾಗೇಶ ಅವಳ ಹಿಂದೆಯೇ ನಡೆದ. ಅವನ ಮುಖದಲ್ಲಿ ಇದ್ದದ್ದು ಬೇಸರವೋ ಬಿಡುಗಡೆಯೋ ನನಗೆ ಗೊತ್ತಾಗಲಿಲ್ಲ.

ಸಂಜೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಮುನಿಯಮ್ಮ ಬಂದಳು, ಕಂಕುಳಲ್ಲಿ ಒಂದು ಬುಟ್ಟಿ ಮಾವಿನಹಣ್ಣು. ಶ್ರೀನಿವಾಸಪುರದ ತಮ್ಮನ ತೋಟದ್ದಂತೆ. "ನನ್ನ ಹೊಟ್ಟೆ ತಣ್ಣಗೆ ಮಾಡ್ದೆ ತಾಯೀ," ಎಂದು ನನ್ನ ಕೈ ಹಿಡಿದುಕೊಂಡಳು. ಹೇಳದ ಸುಳ್ಳಿಗೆ ಬೆಳಿಗ್ಗೆ ಬೈಗುಳ, ಸಂಜೆ ಬಹುಮಾನ! ಸುಳ್ಳಲ್ಲ ಮುನಿಯಮ್ಮ, ನಿಜವಾಗಿಯೂ ಮುಗಿದಿತ್ತು ಎಂದರೆ ಕಣ್ಣು ಮಿಟುಕಿಸಿ, "ಹೂಂ, ಹೂಂ, ಹಂಗೇ ಅನ್ನಮ್ಮ," ಎಂದಳು. ನಾಳಿದ್ದು ಸ್ಟಾಕ್ ಬರುತ್ತದೆ, ಬಂದ ದಿನವೇ ನಾನೇ ನಾಗೇಶನಿಗೆ ಫೋನ್ ಮಾಡುತ್ತೇನೆ ಎಂದ ಮೇಲೆ ಅವಳಿಗೆ ಅರ್ಥವಾಯಿತು. ಕೈ ಬಿಟ್ಟಳು. ಹಣ್ಣಿನ ಬುಟ್ಟಿಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಆಶಾ ಕಾರ್ಯಕರ್ತೆಯರೆಲ್ಲ ಹಂಚಿಕೊಂಡು ತಿಂದರು, ನಾನು ಒಂದು ಹೋಳೂ ಮುಟ್ಟಲಿಲ್ಲ.

ನಮ್ಮ ಡಾಕ್ಟರ್ ಚಿಕ್ಕ ವಯಸ್ಸಿನವರು. ಅವರಿಗೆ ಎಲ್ಲವನ್ನೂ ಹೇಳಿದೆ. "ಸಿಸ್ಟರ್, ಅರ್ಹತೆ ಇದೆ, ಒಪ್ಪಿಗೆ ಇದೆ, ಅವನು ಕೇಳ್ತಿದ್ದಾನೆ. ಹಾಕಿ. ಉಳಿದದ್ದು ನಮ್ಮ ಕೆಲಸ ಅಲ್ಲ," ಎಂದರು. ಸರಿಯಾದ ಮಾತು. ಆದರೆ ಆ ರಾತ್ರಿ ಮಲಗಿದರೆ ಒಂದೊಂದು ಮಗ್ಗುಲಿಗೆ ಒಬ್ಬೊಬ್ಬರ ಮಾತು ಸರಿ ಅನ್ನಿಸುತ್ತಿತ್ತು. ತಾಯಿಗೆ ಮಗ ಉಳಿಯಬೇಕು. ಹೆಂಡತಿಗೆ ಗಂಡ ಮೊದಲಿನ ಮನುಷ್ಯನಾಗಬೇಕು. ನನಗೆ ಒಂದು ಡೋಸ್ ಹಾಕಬೇಕು. ರೋಗದ ಮಾತು ಯಾರಿಗೂ ಬೇಕಾಗಿಲ್ಲ.

ಸ್ಟಾಕ್ ಬಂದ ದಿನ ಊರ ಶಾಲೆಯಲ್ಲಿ ಕ್ಯಾಂಪು ಹಾಕಿದೆವು. ಫೋನ್ ಮಾಡಿದೆ. ನಾಗೇಶ ಬಂದು ಸಾಲಿನಲ್ಲಿ ನಿಂತ. ಸರದಿ ಬಂದಾಗ ಸಿರಿಂಜ್ ಕೈಯಲ್ಲಿದ್ದರೂ ನಾನು ಕೇಳಿಬಿಟ್ಟೆ: "ಅಮ್ಮನ ಮಾತು ಕೇಳಿದೀನಿ, ಪವಿತ್ರನ ಮಾತೂ ಕೇಳಿದೀನಿ. ನಿಂಗೇನಪ್ಪ ಬೇಕು?"

ಅವನು ತಲೆ ತಗ್ಗಿಸಿದ. "ಗೊತ್ತಿಲ್ಲಕ್ಕಾ. ಹೋಗ್ಬೇಕು ಅಂತಾನೂ ಇದೆ. ಈಗ್ಲೂ ಯಾರಾದ್ರೂ ಬಾಗ್ಲು ಹಾಕಿದ್ರೆ ಉಸಿರು ಕಟ್ಟಿದಂಗಾಗುತ್ತೆ. ಹಾಕಿಸ್ಕೊಳ್ದೆ ಉಳಿದ್ರೆ ಜನ್ಮವೆಲ್ಲಾ ಅಮ್ಮನ್ನ ಬೈಕೋತೀನಿ. ಹಾಕಿ. ಹೋಗೋದು ಬಿಡೋದು ನನ್ನ ತಲೆ ಮೇಲೇ ಇರಲಿ."

ಅಷ್ಟರಲ್ಲಿ ಮುನಿಯಮ್ಮ ಬಂದಳು. ಕೈಗೆ ಸೊಪ್ಪಿನ ಹಸಿರು ಹಾಗೇ ಅಂಟಿತ್ತು. ಜಗಳ ಕಾದಿದೆ ಎಂದುಕೊಂಡೆ. ಅವಳು ಸೀದಾ ಬಂದು ಮಗನ ಪಕ್ಕ ನಿಂತು, ಅವನ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚಿದಳು.

"ಹಾಕಮ್ಮ," ಎಂದಳು. "ರೋಗಕ್ಕೆ ಅಂತ ಹಾಕು. ಹಡಗಿಗೆ ಅಂತ ಹಾಕ್ಬೇಡ."

ಒಂದೇ ಸೂಜಿ, ಒಂದೇ ಔಷಧಿ. ಎರಡಕ್ಕೂ ಬೇರೆ ಬೇರೆಯಾಗಿ ಹಾಕುವುದನ್ನು ನನಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಹಾಕಿದೆ.

ನಾಗೇಶ ಹಡಗಿಗೆ ಹೋದ. ಅದಾದ ಮೇಲೆ ಪವಿತ್ರ ಒಬ್ಬಳೇ ಬಂದು ತನಗೂ ಮೊದಲ ಡೋಸ್ ಹಾಕಿ ಎಂದಳು. ಕೊನೆಗೂ ನನ್ನ ತಿಳಿವಳಿಕೆಯ ಮಾತು ನಾಟಿತು ಎಂದು ಹಿಗ್ಗಿ, ಭಯ ಹೋಯಿತಾ ಎಂದು ಕೇಳಿದೆ. "ಭಯ ಇದ್ದೇ ಇದೆ ಮೇಡಂ," ಎಂದಳು. "ಕೆಲಸದೋರ ಹೆಂಡ್ತಿನೂ ಒಂದ್ಸಲ ಆ ಹಡಗಲ್ಲಿ ಟೂರ್ ಹೋಗ್ಬೋದಂತೆ. ಅದಕ್ಕೂ ಎರಡು ಆಗಿರ್ಬೇಕಂತೆ."

ಅಂದಿನಿಂದ ನಿವೃತ್ತಿಯಾಗುವವರೆಗೂ ಲಸಿಕೆ ಬೇಡ ಎಂದವರನ್ನು ಯಾಕೆ ಭಯ ಎಂದು ನಾನು ಕೇಳಲಿಲ್ಲ. ಇದನ್ನು ಹಾಕಿಸಿಕೊಂಡರೆ ನಾಳೆ ನಿಮ್ಮ ಮನೆಯಲ್ಲಿ ಏನಾಗುತ್ತೆ ಎಂದು ಕೇಳುತ್ತಿದ್ದೆ. ಉತ್ತರಗಳು ಬೇರೆಯೇ ಬರುತ್ತಿದ್ದವು. ಎಷ್ಟೋ ಸಲ ಉತ್ತರ ಕೇಳಿದ ಮೇಲೆ ನನ್ನ ಗೊಂದಲ ಹೆಚ್ಚೇ ಆಗುತ್ತಿತ್ತು. ಆದರೂ ಕೇಳದೆ ಸೂಜಿ ಎತ್ತಲು ಆಮೇಲೆ ನನಗೆ ಮನಸ್ಸಾಗಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಮಗ ಹೋದ ಮೇಲೆ ಒಂದು ದಿನ ಹುತ್ತೂರು ಬಸ್ ಸ್ಟಾಪಿನಲ್ಲಿ ಮುನಿಯಮ್ಮ ಸಿಕ್ಕಿದಳು. ನಾನೇ ಮುಂದಾಗಿ ಮಾತಾಡಲು ಹೆದರಿದೆ. ಅವಳು ಹತ್ತಿರ ಬಂದು ನಿಂತು, ಬೇರೇನೂ ಕೇಳದೆ, "ನೀನು ರೋಗಕ್ಕೇ ತಾನೇ ಹಾಕಿದ್ದು?" ಎಂದಳು.

"ರೋಗಕ್ಕೇ ಮುನಿಯಮ್ಮ," ಎಂದೆ.

"ಹಂಗಾದ್ರೆ ಸರಿ," ಎಂದು ಅವಳು ಬಸ್ಸು ಹತ್ತಿದಳು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.