ಗಂಟು ಬಿಚ್ಚಿದ ಫೌಜಿ ಕಾಕಾ

ಫೌಜಿ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಕಡೆ ಬೆಲ್ಲದ ಚೂರಿನಂಥ ಗಟ್ಟಿ ತೊಗಲು. ಅದು ಎಲ್ಲಿ ಹೋಯಿತು ಅಂದರೆ, ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಹುಡುಗರು ಕೇಳಿದರೆ ಲಡಾಖಿನ ಹಿಮ ತಿಂದಿತ್ತು, ಬೀಗರು ಕೇಳಿದರೆ ವೈರಿಯ ಗುಂಡು ಒಯ್ದಿತ್ತು. ಅವರ ಹೆಂಡತಿ ಮಾತ್ರ, "ಬಾಗಿಲ ಸಂದ್ಯಾಗ ಸಿಗಿಸ್ಕೊಂಡಾರ, ಮತ್ತೇನ್ ಮಾಡ್ಯಾರ" ಎಂದು ಒಂದೇ ಮಾತಿನಲ್ಲಿ ಯುದ್ಧ ಮುಗಿಸಿಬಿಡುತ್ತಿದ್ದರು.

ಹಿರೋಳ್ಳಿಯಿಂದ ಆಚೆ ನಮ್ಮದು ಸಣ್ಣ ಊರು. ಕಾಕಾನ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಸೈನ್ಯದ ವರ್ಕ್‌ಶಾಪಿನಲ್ಲಿ ಗಾಡಿ ರಿಪೇರಿ ಮಾಡುತ್ತ ವಯಸ್ಸು ಕಳೆದು, ಪೆನ್ಶನ್ ತಗೊಂಡು ಊರಿಗೆ ಬಂದಿದ್ದರು. ನನ್ನ ಗಂಡನಿಗೆ ದೂರದ ಕಾಕಾ, ನನಗೂ ಕಾಕಾನೇ. ನಿಜ ಹೇಳುತ್ತೇನೆ, ಮೊದಮೊದಲು ನನಗೆ ಆ ಮನುಷ್ಯ ಸೇರುತ್ತಿರಲಿಲ್ಲ. ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದು ಕಟ್ಟೆಯ ಮೇಲೆ ಕೂತು, ಬಸಿಯಲ್ಲಿ ಚಹಾ ಸುರಿದುಕೊಂಡು, "ಫೌಜಿನ್ಯಾಗ ನಾವು..." ಎಂದು ಶುರು ಮಾಡಿದರೆ ಒಲೆಯ ಮೇಲಿನ ಬ್ಯಾಳಿ ಹೊತ್ತಿದರೂ ಎದ್ದು ಹೋಗಲು ಬಿಡುತ್ತಿರಲಿಲ್ಲ. ಎಲ್ಲದಕ್ಕೂ ಅವರದು ಒಂದೇ ಮಾತು, "ನೂರಕ್ಕ ನೂರು ಖಾತ್ರಿ". ನಾಳೆ ಮಳೆ ಬರುತ್ತದೋ ಇಲ್ಲವೋ, ಎಮ್ಮೆ ಗಬ್ಬ ನಿಂತಿದೆಯೋ ಇಲ್ಲವೋ, ಎಲ್ಲವೂ ನೂರಕ್ಕ ನೂರು. ಅರ್ಧದಷ್ಟೂ ಖರೆ ಆಗುತ್ತಿರಲಿಲ್ಲ.

ನಮ್ಮ ಮನೆಗೆ ಆ ಮಿಲಿಟರಿ ಟ್ರಕ್ಕು ಬರಲು ಅವರ ಖಾತ್ರಿಯೇ ಕಾರಣ. ಸೈನ್ಯದವರು ಹರಾಜು ಹಾಕಿದ ಹಳೇ ಡೀಸೆಲ್ ಗಾಡಿ ಅದು. ಆಳೆತ್ತರದ ಗಾಲಿ, ಆನೆಯಂಥ ಮೈ. "ಇದಕ್ಕ ಗೇರ್ ಹಾಕೂ ಕೆಲಸಾನೇ ಇಲ್ಲೋ ತಮ್ಮಾ, ತಾನೇ ಹಾಕ್ಕೋತದ. ನೀ ಸುಮ್ನ ಕುಂತ್ರ ಸಾಕು" ಎಂದು ನಮ್ಮವರ ತಲೆಗೆ ತುಂಬಿದರು. ಕುಂತರೆ ಸಾಕು ಎಂಬ ಮಾತು ನಮ್ಮವರಿಗೆ ಬಲು ಹಿಡಿಸಿತು. ಸುಗ್ಗಿಯಲ್ಲಿ ಹವಳಗಾದ ಕಾರ್ಖಾನೆಗೆ ಕಬ್ಬು, ಉಳಿದ ದಿನ ತೊಗರಿ, ಜೋಳ, ಕಟ್ಟಡದ ಕಲ್ಲು. ಗಾಡಿ ದುಡಿಯಿತು, ಇಲ್ಲ ಅನ್ನುವುದಿಲ್ಲ.

ಆದರೆ ಬರಬರುತ್ತ ಅದಕ್ಕೊಂದು ಕೆಟ್ಟ ಚಟ ಹತ್ತಿತು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಎಮ್ಮೆ ಒದ್ದಂತೆ ಧಡ್ ಎಂದು ಒದೆಯುತ್ತಿತ್ತು. ನಿಧಾನ ಹೊರಟರೂ ಅಷ್ಟೆ, ಜೋರು ಹೊರಟರೂ ಅಷ್ಟೆ. ಒಳಗೆ ಕೂತವರ ಬೆನ್ನುಹುರಿ ನೆತ್ತಿಗೆ ಬರುತ್ತಿತ್ತು. ಕಾಕಾ ಗೇರ್ ಪೆಟ್ಟಿಗೆಯ ಎಣ್ಣೆಯದೇ ದೋಷ ಎಂದರು, ನೂರಕ್ಕ ನೂರು. ಸೊಲ್ಲಾಪುರದಿಂದ ತೆಳ್ಳನೆಯ ಕೆಂಪು ಎಣ್ಣೆ ತರಿಸಿ ಬದಲಿಸಿದರು. ಗಾಡಿ ಒದೆಯಿತು. ಇಂಜಿನ್ನು ಕೂರಿಸಿದ ರಬ್ಬರು ಸವೆದಿದೆ ಎಂದರು, ಅದನ್ನೂ ಬದಲಿಸಿದ್ದಾಯಿತು. ಮತ್ತೂ ಒದೆಯಿತು. ಕಡೆಗೆ, "ಮಿಲ್ಟ್ರಿ ಗಾಡಿ ಹಿಂಗೇ ಇರ್ತಾವ, ಗಡಸು" ಎಂದು ಮೀಸೆ ತಿರುವಿದರು. ಬಡಕೋಬೇಕು ಅನ್ನಿಸಿತು ನನಗೆ.

ಇದೇ ಹೊತ್ತಿಗೆ ನನ್ನದೊಂದು ಕತೆ ನಡೆದಿತ್ತು. ಎರಡು ಸಲ ಬಸುರಾಗಿ ಎರಡೂ ಸಲ ನಿಲ್ಲಲಿಲ್ಲ. ಎರಡನೆಯದು ಹೋದದ್ದು, ಜೇವರ್ಗಿ ಕಡೆಯ ನನ್ನ ತವರಿನಿಂದ ಇದೇ ಟ್ರಕ್ಕಿನಲ್ಲಿ ಕೂತು ಬಂದ ವಾರದಲ್ಲಿ. ಗಾಡಿಯ ಒದೆತಕ್ಕೂ ಅದಕ್ಕೂ ಸಂಬಂಧವಿಲ್ಲ, ಗರ್ಭದ ಬಾಯಿಯೇ ಸಡಿಲ ಇದೆ ಎಂದು ಆಳಂದದ ಲೇಡಿ ಡಾಕ್ಟರು, ನಮ್ಮ ಕಡೆ ಡಾಕ್ಟರ್ ಬಾಯಿ ಅನ್ನುತ್ತೇವೆ, ಬಿಡಿಸಿ ಹೇಳಿದರು. ಆದರೂ ಮನಸ್ಸು ಕೇಳಬೇಕಲ್ಲ. ನಮ್ಮ ಅತ್ತೆಗಂತೂ ನಿದ್ದೆ ಹಾರಿತು. ಅವರಿಗೆ ದಾರದ ಮೇಲೆ ಭಾರೀ ನಂಬಿಕೆ. ಬಾಗಿಲಿಗೆ, ಕರುವಿಗೆ, ಬೋರಿನ ಪೈಪಿಗೆ, ನನ್ನ ರಟ್ಟೆಗೆ, ಎಲ್ಲದಕ್ಕೂ ಕರಿದಾರ. ಪ್ರತಿ ಅಮಾಸಿಗೆ ಟ್ರಕ್ಕಿನ ಪೂಜೆಯೂ ಅವರದೇ. ಬಾನೆಟ್ಟು ಎತ್ತಿಸಿ, ಸ್ಟೂಲಿನ ಮೇಲೆ ನಿಂತು ಕುಂಕುಮ ಹಚ್ಚಿ, ಕಾಯಿ ಒಡೆದೇ ಇಳಿಯುತ್ತಿದ್ದರು.

ಮೂರನೆಯ ಸಲ ಬಸುರಾದಾಗ ಡಾಕ್ಟರ್ ಬಾಯಿಯವರು ಗರ್ಭಕ್ಕೆ ಹೊಲಿಗೆ ಹಾಕಿದರು. "ಎಂಟರಾಗ ಬಿದ್ದಕೂಡ್ಲೆ ಬಂದು ದವಾಖಾನಿ ಸೇರಬೇಕು. ಬರೂವಾಗ ಮೈ ಕುಲುಕಬಾರ್ದು, ನೆಪ್ಪಿರಲಿ" ಎಂದರು. ಎಂಟರಲ್ಲಿ ಬಿದ್ದೆ, ಮಳೆಯೂ ಬಿತ್ತು. ಹಿಡಿದ ಮಳೆ ಬಿಡಲೇ ಇಲ್ಲ. ಹಳ್ಳ ರಸ್ತೆಯ ಮೇಲೇ ಹರಿದು, ಬಸ್ಸು ನಿಂತಿತು, ಆಟೋ ನಿಂತಿತು, ಅಂಬುಲೆನ್ಸಿನವರು ಆಚೆ ದಂಡೆಯವರೆಗೆ ಮಾತ್ರ ಬರುತ್ತೇವೆ ಎಂದರು. ಒಂದು ಮುಂಜಾನೆ ಮಳೆ ಸ್ವಲ್ಪ ತಡೆಯಿತು. ಸಂಜೆಗೆ ಮತ್ತೆ ಜೋರು ಎಂದು ಸುದ್ದಿ. ಆ ನೀರಿನಲ್ಲಿ ದಾಟಬಲ್ಲ ಗಾಡಿ ಊರಲ್ಲಿ ಒಂದೇ, ನಮ್ಮ ಒದೆಯುವ ಟ್ರಕ್ಕು.

ನಾನು ಹೊಸಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ಆ ಗಾಡಿಯನ್ನೇ ನೋಡುತ್ತಿದ್ದೆ. ಅದರಲ್ಲಿ ಹೋಗಲೂ ಅಂಜಿಕೆ, ಇಲ್ಲೇ ಉಳಿಯಲೂ ಅಂಜಿಕೆ. ಕಾಕಾ ಬಂದರು. ಅಂದು ಮೀಸೆಗೆ ಎಣ್ಣೆಯಿಲ್ಲ, ಚಹಾ ಬೇಡ ಎಂದರು. ಇಂಜಿನ್ನು ಚಾಲೂ ಮಾಡಿಸಿ, ಬಾನೆಟ್ಟಿನೊಳಗೆ ತಲೆ ಹಾಕಿ, ನಮ್ಮವರಿಗೆ ಎಕ್ಸಲೇಟರ್ ಒತ್ತು, ಬಿಡು, ಒತ್ತು, ಬಿಡು ಎನ್ನುತ್ತ ಬಹಳ ಹೊತ್ತು ನಿಂತರು. ಆಮೇಲೆ ಬಂದ್ ಮಾಡಿಸಿ ಕೈ ಒಳಗೆ ಹಾಕಿದರು. ಕೈಗೆ ಸಿಕ್ಕಿದ್ದು ಒಂದು ಒಣಗಿದ ಲಿಂಬಿಕಾಯಿ.

ಅವರು ನಮ್ಮವರಿಗೆ ಮೆಲ್ಲಗೆ ಹೇಳಿದ್ದನ್ನು ನಾನು ಆಮೇಲೆ ದವಾಖಾನೆಯಲ್ಲಿ ಅವರ ಬಾಯಿಂದ ಕೇಳಿ ತಿಳಿದೆ. "ಇಲ್ ನೋಡ್ ತಮ್ಮಾ. ಈ ವೈರು ಎಕ್ಸಲೇಟರ್‌ಲಿಂದ ಗೇರ್ ಪೆಟಗಿಗಿ ಹೋಗ್ತದ. ಡ್ರೈವರಗ ಎಷ್ಟು ಅವಸರ ಅದ ಅಂತ ಪೆಟಗಿಗಿ ಸುದ್ದಿ ಮುಟ್ಟಸೂದು ಇದರ ಕೆಲಸ. ನೀ ಕಾಲು ತೆಗದ್ರೂ ಇದು ಹಿಂದಕ್ಕ ಸರ್ಯಾಕ ಆಗವಲ್ದು. ಅದಕ್ಕ ಪೆಟಗಿ ಗಾಬ್ರಿಬಿದ್ದು ಗೇರ್ ಒಗ್ಯಾಕತ್ತದ. ಮೇಲೆ ಸುತ್ತಿದ್ದು ಫೌಜಿನವರ ಪಟ್ಟಿ ಅಂತ ತಿಳಿದಿದ್ದೆ ನಾ. ಪಟ್ಟಿ ಅಲ್ಲಪಾ, ವೈನಿಯ ದಾರ."

ಹೊರಗೆ ಕಟ್ಟಿದರೆ ಮಂದಿಯ ಕಣ್ಣು ಬೀಳುತ್ತದೆ ಎಂದು ಕಾಕಾನ ವೈನಿ, ಅಂದರೆ ನಮ್ಮ ಅತ್ತೆ, ಒಳಗೆ ಕಟ್ಟಿದ್ದರು. ಕಟ್ಟಲು ಹದವಾಗಿ ಸಿಕ್ಕಿದ್ದು ಆ ವೈರು, ಅದನ್ನು ಪಕ್ಕದ ಕಬ್ಬಿಣದ ಸರಳಿಗೆ ಸೇರಿಸಿಯೇ ಸುತ್ತಿದ್ದರು. ಅಮಾಸಿಗೊಂದು ದಾರ, ಕಡೆಯದಕ್ಕೆ ಒಂದು ಲಿಂಬಿಕಾಯಿ. ನನ್ನ ಹೊಟ್ಟೆ ನಿಲ್ಲದೆ ಹೋದಾಗಲೆಲ್ಲ ಮತ್ತೊಂದೆರಡು ಗಂಟು ಬಿಗಿ. ಎಣ್ಣೆ, ಧೂಳು ಕುಡಿದು ಅದು ತೊಗಲಿನಂತೆ ಗಟ್ಟಿಯಾಗಿ, ವೈರನ್ನು ಅಲುಗಾಡಲು ಬಿಡದೆ ಹಿಡಿದಿತ್ತು.

ನಮ್ಮವರು ಬ್ಲೇಡು ತೆಗೆದರು. ಕಟ್ಟೆಯ ಮೇಲಿದ್ದ ಅತ್ತೆ ಎದ್ದು ನಿಂತರು. "ಏ, ಅದಕ್ಕ ಕೈ ಹಚ್ಚಬ್ಯಾಡ. ಅವು ಕೂಸಿನ ಸಲುವಾಗಿ ಕಟ್ಟಿದ್ದು." ಅಂದು ಆ ದಾರ ಕಡಿದಿದ್ದರೆ ಅವರು ನನ್ನನ್ನು ಗಾಡಿ ಹತ್ತಲು ಬಿಡುತ್ತಲೇ ಇರಲಿಲ್ಲ.

ಕಾಕಾ ಬ್ಲೇಡು ಕಸಿದು ಕಿಸೆಗೆ ಹಾಕಿಕೊಂಡರು. "ವೈನಿ, ದೇವರಿಗಿ ಇಲ್ಲಿ ಹೊಗಿನ್ಯಾಗ ಯಾಕ ಕೂಡ್ಸೀರಿ? ಸೊಸಿ ಹೊಂಟಾಳ, ನೀರಿನ ಹಾದಿ. ದೇವರು ಮುಂದ ಇರಬೇಕಲ್ರಿ. ಬಂಪರಿಗಿ ಕಟ್ತೇನಿ."

"ಕಡೀಬ್ಯಾಡ್ರಿ ಮತ್ತ."

"ಕಡಿಯಾಂವ ಅಲ್ರಿ ನಾ. ಬಿಚ್ಚಾಂವ."

ದಬ್ಬಣ ತರಿಸಿದರು. ಉಗುರಿಲ್ಲದ ಹೆಬ್ಬೆರಳು ಗಂಟಿಗೆ ಹತ್ತುತ್ತಿರಲಿಲ್ಲ. ದಬ್ಬಣದಿಂದ ಎಬ್ಬಿಸಿ, ಹಲ್ಲಿನಿಂದ ಎಳೆದು, ಸೀಮೆಎಣ್ಣೆ ಹಚ್ಚಿ ಮೆತ್ತಗೆ ಮಾಡಿ, ಒಂದೊಂದೇ ಗಂಟು ಬಿಚ್ಚಿದರು. ಮೋಡ ಕಪ್ಪಾಗುತ್ತಿತ್ತು. ನಮ್ಮವರು ಹಲ್ಲು ಕಡಿಯುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಬಿಚ್ಚಿದ ದಾರವನ್ನೆಲ್ಲ ಕಾಕಾ ಅತ್ತೆಯ ಕೈಯಿಂದಲೇ ಮುಂದಿನ ಬಂಪರಿಗೆ ಕಟ್ಟಿಸಿದರು. ಆಮೇಲೆ ವೈರಿಗೆ ಎಣ್ಣೆ ಬಿಟ್ಟು, ಎಳೆದು ಬಿಟ್ಟು ಎಳೆದು ಬಿಟ್ಟು, ಅದರ ಉದ್ದ ಸರಿ ಮಾಡಿದರು.

ಮುಂದೆ ಅವರು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನನಗೆಂದು ಟ್ರಕ್ಕಿನ ಹಿಂದೆ ಹೊರಸು ಹಾಕಿ, ಗಾದಿ ಹಾಸಿದ್ದರು. ಅದರ ಮೇಲೆ ತಾವೇ ಹತ್ತಿ ಮಲಗಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, "ನಡಿ ತಮ್ಮಾ, ಊರ ಸುತ್ತ ಒಂದು ರೌಂಡ್ ಹಾಕು" ಎಂದರು. ಅಷ್ಟು ದೊಡ್ಡ ಮೀಸೆಯ ಆಳು ಬಸುರಿಯಂತೆ ಮಲಗಿ ಹೋಗುವುದನ್ನು ನೋಡಿ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದರು. ತಿರುಗಿ ಬಂದು ಇಳಿದವರು ಮೈ ಝಾಡಿಸಿಕೊಂಡು, "ಕೂಸು ಆರಾಮ ಅದ" ಎಂದರು. ಆ ಅಂಜಿಕೆಯಲ್ಲೂ ನಾನು ನಕ್ಕೆ.

ಆಮೇಲೆ ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. "ಯವ್ವಾ, ನೂರಕ್ಕ ನೂರು ಖಾತ್ರಿ ನಂಗಿಲ್ಲ. ಒಳಗ ಮತ್ತೇನರ ಇದ್ರೂ ಇರಬಹುದು. ಅದಕ್ಕ ನಾಕ್ ಮಂದಿ ಗಟ್ಟಿ ಹುಡುಗರ್ನ ಜೋಡಿ ಕರ್ಕೊಂಡೇನಿ. ಗಾಡಿ ಒಂದ್ ಸಲ ಒದ್ರ ಅಲ್ಲೇ ನಿಲ್ಲಸ್ತೇನಿ, ಹೊರಸು ಹೊತ್ಕೊಂಡು ನಡಕೋತ ಒಯ್ತೇವಿ. ಬರ್ತಿ ಏನ್?"

ಆ ಮನುಷ್ಯ ಜೀವಮಾನದಲ್ಲಿ ಜಂಬ ಬಿಟ್ಟು ಮಾತಾಡಿದ್ದು ಅದೊಂದೇ ಸಲ ಇರಬೇಕು. ಅದಕ್ಕೇ ನನಗೆ ಧೈರ್ಯ ಬಂತು. "ಬರ್ತೇನ್ರಿ ಕಾಕಾ" ಎಂದೆ.

ಗಾಡಿ ಹೊರಟಿತು. ಮೊದಲ ಗೇರು ಬದಲಾಗುವ ಹೊತ್ತಿಗೆ ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದೆ. ಇಂಜಿನ್ನಿನ ದನಿ ಸ್ವಲ್ಪ ಇಳಿಯಿತು, ಅಷ್ಟೆ. ಮುಂದೆ ಮತ್ತೊಂದು. ಅದೂ ಹಾಗೇ. ಹಳ್ಳದಲ್ಲಿ ನೀರು ಗಾಲಿಯ ಅರ್ಧಕ್ಕೆ ಬಂತು, ಗಾಡಿ ಎಮ್ಮೆಯಂತೆ ತಣ್ಣಗೆ ನಡೆದು ದಾಟಿತು. ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ. ಆಳಂದದ ದವಾಖಾನೆಯ ಮುಂದೆ ಇಳಿದಾಗ ಎದೆಯ ಮೇಲಿನ ಬಂಡೆ ಯಾರೋ ಎತ್ತಿ ಬದಿಗಿಟ್ಟಂತಾಯಿತು. ದಿನ ತುಂಬಿಯೇ ಮಗಳು ಹುಟ್ಟಿದಳು. ಕಾಕಾ ಬಂದು ನೋಡಿ, "ನಾ ಹೇಳಿದ್ದಿಲ್ಲೇನ್, ನೂರಕ್ಕ ನೂರು" ಎಂದರು. ಬೈಯಲು ಬಾಯಿ ಬರಲಿಲ್ಲ.

ದೋಷ ದಾರದ್ದು ಎಂದು ಕಾಕಾ ಊರಲ್ಲಿ ಯಾರಿಗೂ ಹೇಳಲಿಲ್ಲ. ಯಾರಾದರೂ ಕೇಳಿದರೆ ಒಳಗಿನ ಯಾವುದೋ ಸ್ಪ್ರಿಂಗಿನ ಹೆಸರು ಹೇಳಿ ಕತೆ ಕಟ್ಟುತ್ತಿದ್ದರು. ನಾವೂ ಬಾಯಿ ಬಿಡಲಿಲ್ಲ. ಅತ್ತೆಗೆ ಗೊತ್ತಾದರೆ ಏನು ಮಾಡಿಕೊಳ್ಳುತ್ತಾರೋ ಎಂಬ ಭಯ. ಗಾಡಿಯ ಮಾತು ಬಂದರೆ ನಾನು ಮಾತು ತಿರುಗಿಸುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು.

ಹೋದ ಬ್ಯಾಸಗಿಯಲ್ಲಿ ಕಾಕಾ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣು ಮುಗಿಸಿಕೊಂಡು ಬಂದು ಅತ್ತೆ, ನಾನು ಜಳಕ ಮಾಡಿ ಹಿತ್ತಲಲ್ಲಿ ಕೂತಿದ್ದೆವು. "ನಂಗ ಗೊತ್ತಿತ್ತು ಬೇ" ಎಂದರು ಅತ್ತೆ.

"ಏನ್ರಿ ಅತ್ತಿ?"

"ನನ್ನ ದಾರಾನೇ ಗಾಡಿಗಿ ಉರಲು ಹಾಕಿತ್ತು ಅಂತ. ಅಂವಾ ಬಿಚ್ಚಿದ ಮ್ಯಾಲ ಅದು ಒದೀಲಿಲ್ಲ. ಅಷ್ಟೂ ತಿಳೀಲಾರದಾಕಿ ಏನ್ ನಾ?"

ಅತ್ತೆ ತಮ್ಮ ಅಂಗೈ ನೋಡಿಕೊಳ್ಳುತ್ತ ಹೇಳಿದರು. "ಅವತ್ತು ಮಂದಿ ಮುಂದ ಅಂವಾ ಒಂದ್ ಮಾತು ಅಂದಿದ್ರ, ನಾ ನಿನ್ನ ಕೂಸಿನ್ನ ಎತ್ಕೋತಿದ್ದಿಲ್ಲ. ನನ್ನ ಕೈ ಕೆಟ್ಟದ್ದು ಅಂತ ತಿಳಕೊಂಡು ದೂರೇ ಇರ್ತಿದ್ದೆ."

ನನ್ನ ಮಗಳಿಗೆ ಎಣ್ಣೆ ಹಚ್ಚಿ ಎರೆದದ್ದು ಆ ಕೈ, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಅಂಗಳವೆಲ್ಲ ತಿರುಗಿದ್ದು ಆ ಕೈ, ಈಗಲೂ ಅವಳ ಜಡೆ ಹೆಣೆಯುವುದು ಅದೇ ಕೈ. ನಾನು ಅದನ್ನು ಹಿಡಿದುಕೊಂಡೆ. ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಭಯ ಇಳಿದುಹೋಗಿ, ಕಾಕಾ ಸತ್ತ ದುಃಖವೊಂದೇ ಉಳಿಯಿತು. ಆಗ ಇಬ್ಬರೂ ಮನಸ್ಸು ಬಿಚ್ಚಿ ಅವರಿಗಾಗಿ ಅತ್ತುಬಿಟ್ಟೆವು.